ಪ್ರೊವೈಡರ್ ಕೊಟ್ಟ ರೂಟರ್ ಲಾಕ್ ಆಗಿದೆ, ಪೋರ್ಟ್ ಫಾರ್ವರ್ಡ್ ಹಾಕಿದರೂ ಹೊರಗಿನಿಂದ ಮನೆ ಪಿಸಿ ಸಿಗುತ್ತಿಲ್ಲ

ನಡುರಾತ್ರಿ_ಲಾಗಿನ್:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ವಿಂಡೋಸ್ 11 ಪ್ರೊ ಇರುವ ಡೆಸ್ಕ್‌ಟಾಪ್ ಒಂದು, ಸದಾ ಆನ್ ಇರುವ ರಾಸ್ಪ್‌ಬೆರಿ ಪೈ 4 ಒಂದು ಇದೆ. ಇಂಟರ್ನೆಟ್ ಫೈಬರ್. ಗೋಡೆಯಿಂದ ಬಂದ ಫೈಬರ್ ನೇರ ಪ್ರೊವೈಡರ್ ಕೊಟ್ಟ ಡಬ್ಬಿಗೆ ಹೋಗುತ್ತದೆ. ಓಎನ್‌ಟಿ (ಫೈಬರ್‌ನ ಬೆಳಕಿನ ಸಿಗ್ನಲನ್ನು ಬದಲಿಸಿಕೊಡುವ ಭಾಗ), ರೂಟರ್, ವೈಫೈ ಮೂರೂ ಅದರೊಳಗೇ. ಅದರ ಲಾಗಿನ್‌ನಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಬಿಟ್ಟು ಬೇರೇನೂ ಬದಲಿಸಲು ಬಿಡುವುದಿಲ್ಲ. ಅದರ ಹಿಂದೆ ನನ್ನದೇ ರೂಟರ್ ಹಾಕಿದ್ದೇನೆ, ಮನೆಯ ಎಲ್ಲ ಸಾಧನಗಳೂ 192.168.50.0/24 ರಲ್ಲಿವೆ.

ನನ್ನ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟ್ ಫಾರ್ವರ್ಡ್ ಮಾಡಿ (ಆ ಪೋರ್ಟಿಗೆ ಹೊರಗಿನಿಂದ ಬಂದದ್ದನ್ನು ಪಿಸಿಗೆ ದಾಟಿಸುವಂತೆ), ಬದಲಾಗುವ ಐಪಿಯನ್ನು ಹಿಂಬಾಲಿಸುವ ಡಿಡಿಎನ್‌ಎಸ್ ಹೆಸರನ್ನೂ ಇಟ್ಟಿದ್ದೇನೆ. ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ತೆರೆದರೆ ಟೈಮ್‌ಔಟ್. ಪ್ರೊವೈಡರ್‌ನವರು ಬ್ರಿಡ್ಜ್ ಮೋಡ್ (ಡಬ್ಬಿ ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ನೇರ ನನ್ನ ರೂಟರ್‌ಗೆ ದಾಟಿಸುವುದು) ಕೊಡುವುದಿಲ್ಲ, ಅಡ್ಮಿನ್ ಪಾಸ್‌ವರ್ಡನ್ನೂ ಕೊಡುವುದಿಲ್ಲ ಅನ್ನುತ್ತಾರೆ.

ಕೇಳಬೇಕಾದ್ದು ಮೂರು. ತಡೆ ಇರುವುದು ಯಾವ ಜಾಗದಲ್ಲಿ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ಆ ಡಬ್ಬಿಯನ್ನು ಮುಟ್ಟದೇ ದಾರಿ ಇದೆಯೇ? ಪಿಸಿಯನ್ನು ಹಗಲೂ ರಾತ್ರಿ ಆನ್ ಇಡಲೇಬೇಕೇ?

ಹಳೇ_ಮೋಡೆಮ್:

ಮೊದಲು ಆ 3389 ಫಾರ್ವರ್ಡ್ ಅಳಿಸಿ. ಕೆಲಸ ಮಾಡದಿರುವುದೇ ಸದ್ಯಕ್ಕೆ ನಿಮ್ಮ ಅದೃಷ್ಟ. ತೆರೆದ 3389 ಅನ್ನು ಹುಡುಕುತ್ತಾ ಇಡೀ ಇಂಟರ್ನೆಟ್ಟನ್ನು ಸ್ಕ್ಯಾನ್ ಮಾಡುವ ಬಾಟ್‌ಗಳು ಬಿಡುವಿಲ್ಲದೆ ಓಡುತ್ತಿರುತ್ತವೆ. 2019ರಲ್ಲಿ ಹಳೆಯ ವಿಂಡೋಸ್‌ಗಳ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕಂಡ ಬ್ಲೂಕೀಪ್ ದೋಷಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ. ಪೋರ್ಟ್ ತೆರೆದಿದ್ದರೆ ಸಾಕಿತ್ತು. ಪೋರ್ಟ್ ಸಂಖ್ಯೆಯನ್ನು 33890 ಅಂತ ಬದಲಿಸಿದರೆ ಲಾಗ್‌ನಲ್ಲಿ ಗದ್ದಲ ಕಡಿಮೆಯಾಗುತ್ತದೆ, ಅಪಾಯ ಕಡಿಮೆಯಾಗುವುದಿಲ್ಲ.

ಈಗ ತಡೆಯ ವಿಷಯ. ನಿಮ್ಮ ಪಿಸಿ ಮತ್ತು ಹೊರಗಿನ ಪ್ರಪಂಚದ ನಡುವೆ ಗರಿಷ್ಠ ಮೂರು ನ್ಯಾಟ್ (ಒಳಗಿನ ಹಲವು ವಿಳಾಸಗಳನ್ನು ಹೊರಗೆ ಒಂದೇ ಐಪಿಯಾಗಿ ತೋರಿಸುವ ವ್ಯವಸ್ಥೆ) ಇರಬಹುದು: ನಿಮ್ಮ ರೂಟರ್‌ನದು, ಡಬ್ಬಿಯದು, ಪ್ರೊವೈಡರ್‌ನ ಕೇಂದ್ರದಲ್ಲಿರುವ ಸಿಜಿನ್ಯಾಟ್. ಮೊದಲನೆಯದು ನಿಮ್ಮ ಕೈಯಲ್ಲಿದೆ. ಎರಡನೆಯದನ್ನು ಕಾಡಿ ಬೇಡಿ ತೆರೆಸಬಹುದು. ಮೂರನೆಯದು ಇದ್ದರೆ ಡಬ್ಬಿಯ ಅಡ್ಮಿನ್ ಪಾಸ್‌ವರ್ಡ್ ಸಿಕ್ಕರೂ ಪ್ರಯೋಜನವಿಲ್ಲ, ಏಕೆಂದರೆ ಪಬ್ಲಿಕ್ ಐಪಿ ನಿಮ್ಮ ಡಬ್ಬಿಯಲ್ಲೇ ಇರುವುದಿಲ್ಲ, ಅದು ಹಲವು ಗ್ರಾಹಕರ ಪಾಲಿನದು.

ಹೀಗೆ ನೋಡಿ:

ನಿಮ್ಮ ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ಬದಿಯ ವಿಳಾಸ) 192.168 ಅಥವಾ 10ರಿಂದ ಶುರುವಾಗಿದ್ದರೆ ಡಬ್ಬಿಯೂ ನ್ಯಾಟ್ ಮಾಡುತ್ತಿದೆ. ನೀವು ಬರೆದಿರುವುದನ್ನು ನೋಡಿದರೆ ಇದು ಖಂಡಿತ.

ಡಬ್ಬಿಯ ವ್ಯಾನ್ ಐಪಿ ನಿಮಗೆ ಕಾಣದಂತೆ ಮಾಡಿರುತ್ತಾರೆ. ಆದರೆ ಯುಪಿಎನ್‌ಪಿ (ಮನೆಯ ಸಾಧನಗಳು ರೂಟರ್ ಜೊತೆ ತಾವೇ ಮಾತಾಡಿ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ) ಆನ್ ಇದ್ದರೆ ಡಬ್ಬಿ ತಾನೇ ಬಾಯಿ ಬಿಡುತ್ತದೆ. ಲ್ಯಾಪ್‌ಟಾಪನ್ನು ನೇರ ಡಬ್ಬಿಯ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ, ಮಿನಿಯುಪಿಎನ್‌ಪಿ ಪ್ಯಾಕೇಜಿನ ಕ್ಲೈಂಟನ್ನು ಸ್ಟೇಟಸ್ ಆಯ್ಕೆಯೊಂದಿಗೆ ಓಡಿಸಿ. ಎಕ್ಸ್‌ಟರ್ನಲ್ ಐಪಿ ಅಂತ ಒಂದು ಸಾಲು ಬರುತ್ತದೆ. ಅದು 100.64.0.0 ರಿಂದ 100.127.255.255 ರ ನಡುವೆ ಇದ್ದರೆ ಸಿಜಿನ್ಯಾಟ್. 2012ರಲ್ಲಿ ಆರ್‌ಎಫ್‌ಸಿ 6598 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಈ ಶ್ರೇಣಿಯನ್ನು ಇದಕ್ಕೆಂದೇ ತೆಗೆದಿಟ್ಟಿತು. 10ರಿಂದ ಶುರುವಾಗುವ ಐಪಿ ಕೊಟ್ಟು ಅದೇ ಕೆಲಸ ಮಾಡುವ ಪ್ರೊವೈಡರ್‌ಗಳೂ ಇದ್ದಾರೆ.

ಯುಪಿಎನ್‌ಪಿ ಆಫ್ ಇದ್ದರೆ ಟ್ರೇಸ್‌ರೂಟ್, ಅಂದರೆ ಪ್ಯಾಕೆಟ್ ದಾಟುವ ಪ್ರತಿ ರೂಟರನ್ನು (ಹಾಪ್) ಸಾಲಾಗಿ ತೋರಿಸುವ ಕಮಾಂಡ್. ಬ್ರೌಸರ್‌ನಲ್ಲಿ ಐಪಿ ತೋರಿಸುವ ಯಾವುದಾದರೂ ತಾಣ ತೆರೆದು ನಿಮ್ಮ ಪಬ್ಲಿಕ್ ಐಪಿ ಬರೆದುಕೊಳ್ಳಿ, ಮನೆಯೊಳಗಿನಿಂದ ಅದೇ ಐಪಿಗೆ ಟ್ರೇಸ್‌ರೂಟ್ ಕೊಡಿ. ಎರಡನೇ ಹಾಪ್‌ನಲ್ಲೇ, ಅಂದರೆ ಡಬ್ಬಿಯಲ್ಲೇ ಮುಗಿದರೆ ಆ ಐಪಿ ಡಬ್ಬಿಯದೇ. ಅದನ್ನು ದಾಟಿ ಮುಂದೆ ಹೋದರೆ ಸಿಜಿನ್ಯಾಟ್. ದಾರಿಯ ಮಧ್ಯೆ ಎಲ್ಲೋ ಒಂದು 10.x ಹಾಪ್ ಕಂಡಿತು ಅಂದಮಾತ್ರಕ್ಕೆ ತೀರ್ಮಾನಕ್ಕೆ ಬರಬೇಡಿ. ಒಳಗಿನ ಲಿಂಕ್‌ಗಳಿಗೆ ಪ್ರೈವೇಟ್ ಐಪಿ ಹಾಕುವುದು ಮಾಮೂಲು.

ಇನ್ನೊಂದು: ಹೊರಗಿನಿಂದ ಪರೀಕ್ಷೆ ಅಂದರೆ ಮೊಬೈಲ್ ಡೇಟಾದಿಂದ ಮಾತ್ರ. ಮನೆಯ ವೈಫೈನಲ್ಲೇ ಕೂತು ಪಬ್ಲಿಕ್ ಐಪಿಗೆ ಹೊಡೆದರೆ ಹೇರ್‌ಪಿನ್ ನ್ಯಾಟ್ (ಒಳಗಿನಿಂದ ಪಬ್ಲಿಕ್ ಐಪಿಗೆ ಹೊರಟದ್ದನ್ನು ರೂಟರೇ ಒಳಗೆ ತಿರುಗಿಸುವುದು) ಇರುವ ಕಡೆ ಸುಳ್ಳೇ ಸರಿ ಅನ್ನಿಸುತ್ತದೆ, ಇಲ್ಲದ ಕಡೆ ಸುಳ್ಳೇ ತಪ್ಪು ಅನ್ನಿಸುತ್ತದೆ.

ನಡುರಾತ್ರಿ_ಲಾಗಿನ್:

ನೋಡಿದೆ. ನನ್ನ ರೂಟರ್‌ನ ವ್ಯಾನ್ ಐಪಿ 192.168.1.34. ಯುಪಿಎನ್‌ಪಿ ಉತ್ತರ ಕೊಟ್ಟಿತು, 100.72ರಿಂದ ಶುರುವಾಗುವ ವಿಳಾಸ. ಟ್ರೇಸ್‌ರೂಟ್ ಡಬ್ಬಿಯನ್ನು ದಾಟಿ ಹೋಗುತ್ತದೆ. ಇನ್ನೊಂದು ಗಮನಿಸಿದೆ: ನೇರ ಡಬ್ಬಿಗೆ ಸಿಕ್ಕಿಸಿದ ಲ್ಯಾಪ್‌ಟಾಪಿಗೆ 2ರಿಂದ ಶುರುವಾಗುವ ಐಪಿವಿ6 ವಿಳಾಸ ಸಿಗುತ್ತದೆ. ನನ್ನ ರೂಟರ್‌ನ ಹಿಂದೆ ಇರುವ ಪಿಸಿಗೆ ಬರೀ ಎಫ್‌ಇ80, ಅಂದರೆ ಮನೆಯ ಜಾಲದೊಳಗೆ ಮಾತ್ರ ನಡೆಯುವ ವಿಳಾಸ. ಐಪಿವಿ6ನಿಂದ ಏನಾದರೂ ಉಪಾಯ ಇದೆಯೇ?

ಪ್ಯಾಕೆಟ್_ಪಯಣಿಗ:

ಹಾಗಾದರೆ ಸಿಜಿನ್ಯಾಟ್ ಖಚಿತ. ಅಡ್ಮಿನ್ ಪಾಸ್‌ವರ್ಡ್‌ಗಾಗಿ ಕಸ್ಟಮರ್ ಕೇರ್ ಜೊತೆ ಜಗಳ ಇಲ್ಲಿಗೆ ನಿಲ್ಲಿಸಿ. ಅಂತರ್ಜಾಲದಲ್ಲಿ ಸಿಗುವ ಡೀಫಾಲ್ಟ್ ಅಡ್ಮಿನ್ ಪಾಸ್‌ವರ್ಡ್‌ಗಳ ಪಟ್ಟಿಯನ್ನೂ ಹಿಡಿದು ಕೂರಬೇಡಿ. ಒಳಗೆ ಹೋಗಿ ಏನೋ ಬದಲಿಸಿದರೂ ದೂರದಿಂದಲೇ ಡಬ್ಬಿಯನ್ನು ನಿರ್ವಹಿಸುವ ಟಿಆರ್-069 ಮೂಲಕ ಪ್ರೊವೈಡರ್ ತನ್ನ ಸೆಟ್ಟಿಂಗನ್ನು ಮತ್ತೆ ತಳ್ಳಬಹುದು. ಮೇಲಾಗಿ ಡಬ್ಬಿ ಅವರ ಆಸ್ತಿ. ಅವರನ್ನು ಕೇಳುವುದೇ ಆದರೆ ಒಂದೇ ಪ್ರಶ್ನೆ ಕೇಳಿ: ಸ್ಟ್ಯಾಟಿಕ್ ಅಥವಾ ಪಬ್ಲಿಕ್ ಐಪಿವಿ4 ಕೊಡುತ್ತೀರಾ? ಕೊಟ್ಟರೆ ಸಿಜಿನ್ಯಾಟ್‌ನಿಂದ ಹೊರಗೆ ಬಂದಿರಿ, ಆದರೂ ಡಬ್ಬಿಯಲ್ಲಿ ಫಾರ್ವರ್ಡ್ ಮಾಡಿಸಲೇಬೇಕು.

ಐಪಿವಿ6 ಬಗ್ಗೆ. ಡಬ್ಬಿ ಒಂದೇ ಒಂದು /64 (ಒಂದು ಜಾಲಕ್ಕಾಗುವ ವಿಳಾಸಗಳ ಗುಂಪು) ಕೊಡುತ್ತಿದೆ, ಹಿಂದಿರುವ ರೂಟರ್‌ಗೆ ಪ್ರಿಫಿಕ್ಸ್ ಡೆಲಿಗೇಷನ್ (ಬೇರೊಂದು ಗುಂಪನ್ನು ಹಂಚಿಕೊಡುವುದು) ಮಾಡುತ್ತಿಲ್ಲ. ಅದಕ್ಕೇ ಪಿಸಿಗೆ ತಲುಪುವುದಿಲ್ಲ. ನಿಮ್ಮ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ ಒಂದು ನ್ಯಾಟ್ ಕಳೆಯುತ್ತದೆ, ಪಿಸಿಗೆ ಐಪಿವಿ6 ಕೂಡ ಬರುತ್ತದೆ. ಆದರೆ ಒಳಬರುವ ಐಪಿವಿ6 ಸಂಪರ್ಕಗಳನ್ನು ಡಬ್ಬಿಯ ಫೈರ್‌ವಾಲ್ ಸಾಮಾನ್ಯವಾಗಿ ತಡೆದಿರುತ್ತದೆ, ಅದನ್ನು ತೆರೆಯುವ ಪುಟ ನಿಮಗಿಲ್ಲ. ನೀವು ಹೊರಗೆ ಇರುವ ಜಾಗದಲ್ಲೂ ಐಪಿವಿ6 ಇರಬೇಕು. ಹಾಗಾಗಿ ಇದನ್ನೇ ನಂಬಿ ಕೂರುವಂತಿಲ್ಲ.

ಉಪಾಯ ಒಂದೇ: ಹೊರಗಿನಿಂದ ಒಳಗೆ ಬರುವ ಯೋಚನೆ ಬಿಟ್ಟು, ಒಳಗಿನ ಯಂತ್ರವೇ ಹೊರಗೆ ಹೋಗಿ ಸಂಪರ್ಕ ಹಿಡಿದಿಟ್ಟುಕೊಳ್ಳುವಂತೆ ಮಾಡುವುದು. ಹೊರಹೋಗುವ ಸಂಪರ್ಕಕ್ಕೆ ಈ ಮೂರೂ ನ್ಯಾಟ್ ಅಡ್ಡಿ ಮಾಡುವುದಿಲ್ಲ.

ಸುಲಭದ ದಾರಿ ಟೈಲ್‌ಸ್ಕೇಲ್, ನಿಮ್ಮ ಸಾಧನಗಳನ್ನೆಲ್ಲ ಒಂದು ಖಾಸಗಿ ಜಾಲಕ್ಕೆ ಸೇರಿಸುವ ವಿಪಿಎನ್ ಸೇವೆ. ಪಿಸಿ, ಪೈ, ಲ್ಯಾಪ್‌ಟಾಪ್, ಫೋನ್ ಎಲ್ಲದರಲ್ಲೂ ಇನ್‌ಸ್ಟಾಲ್ ಮಾಡಿ ಒಂದೇ ಖಾತೆಯಿಂದ ಲಾಗಿನ್ ಆಗಿ. ಪ್ರತಿಯೊಂದಕ್ಕೂ 100ರಿಂದ ಶುರುವಾಗುವ ಒಂದು ವಿಳಾಸ ಸಿಗುತ್ತದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಪಿಸಿಯ ಆ ವಿಳಾಸ ಹಾಕಿದರೆ ಮುಗಿಯಿತು. ಕೈಕೊಡುವ ಜಾಗಗಳು ಇವು:

ವಿಂಡೋಸ್‌ನಲ್ಲಿ ರನ್ ಅನ್‌ಅಟೆಂಡೆಡ್ ಟಿಕ್ ಮಾಡಿ. ಇಲ್ಲದಿದ್ದರೆ ಯಾರಾದರೂ ಲಾಗಿನ್ ಆಗಿರುವಾಗ ಮಾತ್ರ ಸಂಪರ್ಕ ಇರುತ್ತದೆ. ಅಪ್‌ಡೇಟ್ ಬಂದು ಪಿಸಿ ರೀಸ್ಟಾರ್ಟ್ ಆದರೆ ನೀವು ಹೊರಗೇ.

ಡೀಫಾಲ್ಟ್ ಆಗಿ ಕೀಲಿ 180 ದಿನಕ್ಕೆ ಕಾಲಾವಧಿ ಮುಗಿಸುತ್ತದೆ. ಪಿಸಿ ಮತ್ತು ಪೈಗೆ ಅಡ್ಮಿನ್ ಕನ್ಸೋಲ್‌ನಲ್ಲಿ ಕೀ ಎಕ್ಸ್‌ಪೈರಿ ಆಫ್ ಮಾಡಿ. ಹಾಗೆ ಮಾಡಿದ ಮೇಲೆ ಆ ಖಾತೆಗೆ ಟೂ ಫ್ಯಾಕ್ಟರ್ ಕಡ್ಡಾಯ, ಏಕೆಂದರೆ ಈಗ ಆ ಖಾತೆಯೇ ಮನೆ ಬಾಗಿಲು.

ಸಂಪರ್ಕ ನೇರವೋ ರಿಲೇ ಮೂಲಕವೋ ಅಂತ ಟೈಲ್‌ಸ್ಕೇಲ್‌ನ ಸ್ವಂತ ಪಿಂಗ್ ಕಮಾಂಡ್ ಹೇಳುತ್ತದೆ. ಡರ್ಪ್ (ಟೈಲ್‌ಸ್ಕೇಲ್‌ನ ರಿಲೇ ಸರ್ವರ್) ಅಂತ ತೋರಿಸುತ್ತಲೇ ಇದ್ದರೆ ಎರಡೂ ಕಡೆಯ ನ್ಯಾಟ್ ಬಿಗಿಯಾಗಿದೆ, ಹೋಲ್ ಪಂಚಿಂಗ್ (ನ್ಯಾಟ್ ಮೂಲಕ ನೇರ ದಾರಿ ತೆರೆಯುವುದು) ಆಗಲಿಲ್ಲ ಅಂತ ಅರ್ಥ. ಆಗಲೂ ಕೆಲಸ ನಡೆಯುತ್ತದೆ, ನಿಧಾನ ಅಷ್ಟೇ. ರಿಲೇ ಸಾಮಾನ್ಯ ವೆಬ್ ತಾಣಗಳಂತೆ ಟಿಸಿಪಿ 443ರಲ್ಲಿ ಹೋಗುವುದರಿಂದ ಯುಡಿಪಿ ತಡೆಯುವ ಕಚೇರಿ ನೆಟ್‌ವರ್ಕ್‌ನಿಂದಲೂ ತಲುಪುತ್ತದೆ.

ಟೈಲ್‌ಸ್ಕೇಲ್ ಕೂಡ ಸಿಜಿನ್ಯಾಟ್‌ನ ಅದೇ 100.64.0.0/10 ಶ್ರೇಣಿಯನ್ನೇ ಬಳಸುತ್ತದೆ. ನಿಮ್ಮ ಪಿಸಿಗೆ ಇರುವುದು 192.168.50ರ ವಿಳಾಸವಾದ್ದರಿಂದ ಡಿಕ್ಕಿ ಆಗುವುದಿಲ್ಲ. 100.x ವಿಳಾಸ ನೇರವಾಗಿ ಸಾಧನಕ್ಕೇ ಬರುವ ಕಡೆ ಮಾತ್ರ ಎಚ್ಚರ.

ಸುರಂಗಿ:

ಟೈಲ್‌ಸ್ಕೇಲ್ ಬೇಡ ಅನ್ನುವುದಿಲ್ಲ. ಆದರೆ ಸದಾ ಆನ್ ಇರುವ ಪೈ ಇಟ್ಟುಕೊಂಡವರು ಮೂರನೆಯವರ ಖಾತೆಗೆ ಮನೆ ಕೀಲಿ ಒಪ್ಪಿಸುವುದು ಯಾಕೆ? ಪಬ್ಲಿಕ್ ಐಪಿ ಇರುವ ಅತಿ ಚಿಕ್ಕ ವಿಪಿಎಸ್ (ಬಾಡಿಗೆ ವರ್ಚುವಲ್ ಸರ್ವರ್) ಒಂದು ಸಾಕು, 512 ಎಂಬಿ ರ‍್ಯಾಮ್ ಇದ್ದರೂ ಹೆಚ್ಚೇ. ಅದರ ಮೇಲೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ. ಎಲ್ಲ ಡೇಟಾ ವಿಪಿಎಸ್ ಸುತ್ತಿ ಬರುತ್ತದೆ ಅನ್ನುವುದೊಂದೇ ನಷ್ಟ. ಮನೆಗೆ ಹತ್ತಿರದ ಡೇಟಾ ಸೆಂಟರ್ ಆರಿಸಿಕೊಂಡರೆ ಅದು ಅಷ್ಟಾಗಿ ಕಾಡುವುದಿಲ್ಲ.

ವಿಳಾಸ ಹಂಚಿಕೆ: ವಿಪಿಎಸ್ 10.77.0.1, ಪೈ 10.77.0.2, ಲ್ಯಾಪ್‌ಟಾಪ್ 10.77.0.3.

ವಿಪಿಎಸ್‌ನಲ್ಲಿ ಲಿಸನ್ ಪೋರ್ಟ್ 51820. ಪೈ ಅನ್ನುವ ಪೀರ್‌ನ (ಸುರಂಗದ ಇನ್ನೊಂದು ತುದಿ) ಅಲೌಡ್ ಐಪಿಯಲ್ಲಿ (ಆ ತುದಿಗೆ ಕಳಿಸಬೇಕಾದ ವಿಳಾಸಗಳ ಪಟ್ಟಿ) 10.77.0.2/32 ಮತ್ತು 192.168.50.0/24 ಎರಡೂ ಇರಲಿ. ಲ್ಯಾಪ್‌ಟಾಪ್ ಪೀರ್‌ಗೆ 10.77.0.3/32 ಮಾತ್ರ. ಐಪಿ ಫಾರ್ವರ್ಡಿಂಗ್ (ಬೇರೆಯವರ ಪ್ಯಾಕೆಟ್ ದಾಟಿಸುವ ಸೆಟ್ಟಿಂಗ್) 1, ಅಂದರೆ ಆನ್ ಮಾಡಿ. ಯುಡಿಪಿ 51820 ಅನ್ನು ಲಿನಕ್ಸ್ ಫೈರ್‌ವಾಲ್‌ನಲ್ಲಿ ತೆರೆದರೆ ಸಾಲದು. ವಿಪಿಎಸ್ ಕಂಪನಿಯ ಕಂಟ್ರೋಲ್ ಪ್ಯಾನಲ್‌ನಲ್ಲಿ ಪ್ರತ್ಯೇಕ ಫೈರ್‌ವಾಲ್ ಇದ್ದರೆ ಅಲ್ಲೂ ತೆರೆಯಬೇಕು. ಜನ ಹೆಚ್ಚಾಗಿ ಎಡವುವುದು ಇಲ್ಲೇ.

ಪೈನಲ್ಲಿ ಎಂಡ್‌ಪಾಯಿಂಟ್ ವಿಪಿಎಸ್‌ನ ಐಪಿ ಮತ್ತು 51820. ಅಲೌಡ್ ಐಪಿ 10.77.0.0/24. ಪರ್ಸಿಸ್ಟೆಂಟ್ ಕೀಪ್‌ಅಲೈವ್ 25. ಈ 25 ಸೆಕೆಂಡಿನ ಸಾಲು ಬಿಟ್ಟರೆ ಮೊದಲು ಎಲ್ಲ ಚೆನ್ನಾಗಿ ನಡೆದು, ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಮನೆ ಕಾಣೆಯಾಗುತ್ತದೆ. ನ್ಯಾಟ್ ಸಾಧನಗಳು ಸದ್ದಿಲ್ಲದ ಯುಡಿಪಿ ಸಂಪರ್ಕವನ್ನು 30 ಸೆಕೆಂಡಿಗೇ ಮರೆಯುವುದುಂಟು, ಅದಕ್ಕೆ 25. ನ್ಯಾಟ್ ಹಿಂದೆ ಇರುವವರಿಗೆ ಮಾತ್ರ ಇದು ಬೇಕು, ವಿಪಿಎಸ್ ಕಡೆ ಬೇಡ.

ಲ್ಯಾಪ್‌ಟಾಪ್‌ನಲ್ಲಿ ಅಲೌಡ್ ಐಪಿ 10.77.0.0/24 ಮತ್ತು 192.168.50.0/24.

ಈಗ ಪೈ ತಲುಪುತ್ತೀರಿ. ಪಿಸಿ ತಲುಪಬೇಕಾದರೆ ಪೈನಲ್ಲೂ ಐಪಿ ಫಾರ್ವರ್ಡಿಂಗ್ ಆನ್ ಇರಬೇಕು, ಜೊತೆಗೆ ಪಿಸಿಗೆ ವಾಪಸ್ ದಾರಿ ಗೊತ್ತಿರಬೇಕು. 10.77.0.3ರಿಂದ ಬಂದ ಪ್ಯಾಕೆಟ್‌ಗೆ ಉತ್ತರವನ್ನು ಪಿಸಿ ರೂಟರ್‌ಗೆ ಕೊಡುತ್ತದೆ. ರೂಟರ್‌ಗೆ ಆ ಜಾಲವೇ ಗೊತ್ತಿಲ್ಲ, ಹೊರಗೆ ಎಸೆಯುತ್ತದೆ. ಎರಡು ಪರಿಹಾರ: ನಿಮ್ಮ ರೂಟರ್‌ನಲ್ಲಿ 10.77.0.0/24ಕ್ಕೆ ಪೈ ಮೂಲಕ ಸ್ಟ್ಯಾಟಿಕ್ ರೂಟ್ ಹಾಕುವುದು, ಅಥವಾ ಪೈನಲ್ಲಿ ಮಾಸ್ಕ್ವೆರೇಡ್ (ದಾಟುವ ಪ್ಯಾಕೆಟ್‌ಗೆ ಪೈ ತನ್ನದೇ ವಿಳಾಸ ಅಂಟಿಸುವುದು). ಸ್ಟ್ಯಾಟಿಕ್ ರೂಟ್ ಶುಚಿಯಾದ ದಾರಿ. ಆದರೆ ವಿಂಡೋಸ್ ಫೈಲ್ ಶೇರಿಂಗ್‌ನ ಫೈರ್‌ವಾಲ್ ನಿಯಮ ಪ್ರೈವೇಟ್ ಪ್ರೊಫೈಲ್‌ನಲ್ಲಿ ಲೋಕಲ್ ಸಬ್‌ನೆಟ್‌ಗೆ ಮಾತ್ರ ಅನುಮತಿ ಕೊಡುತ್ತದೆ, 10.77 ಅದಕ್ಕೆ ಪರದೇಶ. ಮಾಸ್ಕ್ವೆರೇಡ್ ಮಾಡಿದರೆ ಎಲ್ಲವೂ ಪೈನಿಂದಲೇ ಬಂದಂತೆ ಕಾಣುವುದರಿಂದ ಆ ತಕರಾರಿಲ್ಲ.

ವೈರ್‌ಗಾರ್ಡ್ ತಪ್ಪು ಕೀಲಿಗೆ ದೋಷ ಸಂದೇಶ ಕೊಡುವುದಿಲ್ಲ, ಮೌನವಾಗಿರುತ್ತದೆ. ಸ್ಟೇಟಸ್‌ನಲ್ಲಿ ಲೇಟೆಸ್ಟ್ ಹ್ಯಾಂಡ್‌ಶೇಕ್ ಸಾಲು ಇಲ್ಲದಿದ್ದರೆ ಕೀಲಿಗಳು ಅದಲುಬದಲಾಗಿವೆ ಅಥವಾ ಪೋರ್ಟ್ ಮುಚ್ಚಿದೆ. ಪ್ರತಿ ಕಡೆಯೂ ತನ್ನ ಪ್ರೈವೇಟ್ ಕೀಲಿ, ಎದುರಿನವರ ಪಬ್ಲಿಕ್ ಕೀಲಿ ಅನ್ನುವುದನ್ನು ಮತ್ತೊಮ್ಮೆ ನೋಡಿ.

ಪೈ 4 ಇರುವುದರಿಂದ ಇದನ್ನೂ ಹೇಳಿಬಿಡುತ್ತೇನೆ. ಅದರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದಾಗ ಸಮಯ ಹಿಂದಕ್ಕೆ ಉಳಿದಿರುತ್ತದೆ. ವೈರ್‌ಗಾರ್ಡ್ ಹ್ಯಾಂಡ್‌ಶೇಕ್‌ನಲ್ಲಿ ಟೈಮ್‌ಸ್ಟ್ಯಾಂಪ್ ಇರುತ್ತದೆ. ಹಿಂದೆ ಕಂಡದ್ದಕ್ಕಿಂತ ಹಳೆಯದು ಬಂದರೆ ರೀಪ್ಲೇ ದಾಳಿ ಅಂದುಕೊಂಡು ವಿಪಿಎಸ್ ತಿರಸ್ಕರಿಸುತ್ತದೆ. ಎನ್‌ಟಿಪಿ (ಇಂಟರ್ನೆಟ್‌ನಿಂದ ಗಡಿಯಾರ ಹೊಂದಿಸುವ ಸೇವೆ) ಸಮಯ ಸರಿ ಮಾಡಿದ ಮೇಲೆ ತಾನಾಗಿ ಸರಿಹೋಗುತ್ತದೆ. ಆದರೆ ಪೈನ ಅಲೌಡ್ ಐಪಿಯಲ್ಲಿ 0.0.0.0/0 ಹಾಕಿ ಎಲ್ಲ ಟ್ರಾಫಿಕ್ಕನ್ನೂ ಸುರಂಗಕ್ಕೆ ತಿರುಗಿಸಿದ್ದರೆ ಎನ್‌ಟಿಪಿಯೂ ಅದೇ ಸುರಂಗದೊಳಗೆ ಸಿಕ್ಕಿಬೀಳುತ್ತದೆ. ಸಮಯವಿಲ್ಲದೆ ಸುರಂಗವಿಲ್ಲ, ಸುರಂಗವಿಲ್ಲದೆ ಸಮಯವಿಲ್ಲ. ಆದ್ದರಿಂದ ಮೇಲೆ ಕೊಟ್ಟಂತೆ 10.77.0.0/24 ಮಾತ್ರ ಹಾಕಿ.

ನೀವು ಹೊರಗಿರುವ ಕಡೆ ಯುಡಿಪಿಯನ್ನೇ ತಡೆದಿದ್ದರೆ ವೈರ್‌ಗಾರ್ಡ್ ಸೋಲುತ್ತದೆ, ಅದಕ್ಕೆ ಟಿಸಿಪಿ ಇಲ್ಲ. ಆಪತ್ಕಾಲಕ್ಕೆ ಪೈನಿಂದ ವಿಪಿಎಸ್‌ಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಲಾಗಿನ್) ರಿವರ್ಸ್ ಟನೆಲ್ ಒಂದನ್ನು ಇಟ್ಟಿರಿ: ವಿಪಿಎಸ್‌ನ ಲೋಕಲ್‌ಹೋಸ್ಟ್ 2222 ಪೋರ್ಟ್ ಪೈನ 22ಕ್ಕೆ. ಸರ್ವರ್ ಅಲೈವ್ ಇಂಟರ್ವಲ್ 30, ಕೌಂಟ್ 3, ಎಕ್ಸಿಟ್ ಆನ್ ಫಾರ್ವರ್ಡ್ ಫೇಲ್ಯೂರ್ ಯೆಸ್. ಈ ಕೊನೆಯದು ಇಲ್ಲದಿದ್ದರೆ ಹಳೆಯ ಸತ್ತ ಸೆಷನ್ 2222ನ್ನು ಹಿಡಿದುಕೊಂಡಿರುವಾಗ ಹೊಸದು ಫಾರ್ವರ್ಡ್ ಆಗದೆಯೂ ಬದುಕಿರುತ್ತದೆ. ಸಂಪರ್ಕ ಇದೆ, ದಾರಿ ಇಲ್ಲ. ಸಿಸ್ಟಮ್‌ಡಿ ಸೇವೆಯಾಗಿ ರೀಸ್ಟಾರ್ಟ್ ಆಲ್‌ವೇಸ್ ಹಾಕಿ. ವಿಪಿಎಸ್‌ನ ಎಸ್‌ಎಸ್‌ಎಚ್ 443ರಲ್ಲೂ ಕೇಳುವಂತೆ ಮಾಡಿದರೆ ಬಿಗಿ ನೆಟ್‌ವರ್ಕ್‌ಗಳಲ್ಲೂ ಸಾಮಾನ್ಯವಾಗಿ ನುಸುಳಬಹುದು.

ಟರ್ಮಿನಲ್_ತಿಮ್ಮ:

ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಪಿಸಿ ಸದಾ ಆನ್ ಬೇಡ, ಪೈ ಇದೆಯಲ್ಲ. ಜಾಲದ ಮೂಲಕ ಪಿಸಿಯನ್ನು ಎಬ್ಬಿಸುವ ವೇಕ್ ಆನ್ ಲ್ಯಾನ್ ಬಳಸಿ.

ಬಯೋಸ್‌ನಲ್ಲಿ ವೇಕ್ ಆನ್ ಲ್ಯಾನ್ ಆನ್, ಇಆರ್‌ಪಿ (ಕರೆಂಟ್ ಉಳಿಸುವ ಆಯ್ಕೆ) ಆಫ್. ಇಆರ್‌ಪಿ ಆನ್ ಇದ್ರೆ ಪಿಸಿ ಆಫ್ ಆದಾಗ ನೆಟ್‌ವರ್ಕ್ ಕಾರ್ಡಿಗೆ ಕರೆಂಟೇ ಹೋಗಲ್ಲ. ವಿಂಡೋಸ್ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಗುಣಲಕ್ಷಣಗಳಿಗೆ ಹೋಗಿ ಪಿಸಿ ಎಬ್ಬಿಸಲು ಅನುಮತಿ ಕೊಡಿ, ಮ್ಯಾಜಿಕ್ ಪ್ಯಾಕೆಟ್‌ಗೆ ಮಾತ್ರ ಅನ್ನೋದನ್ನೂ ಟಿಕ್ ಮಾಡಿ. ಅದು ಬಿಟ್ರೆ ಯಾವುದೋ ಪ್ಯಾಕೆಟ್ ಬಂದು ರಾತ್ರಿಯೆಲ್ಲ ಎಬ್ಬಿಸ್ತಾ ಇರುತ್ತೆ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ವೈಫೈ ನೆಚ್ಚಿಕೊಳ್ಳಬೇಡಿ, ಕೇಬಲ್ ಹಾಕಿ.

ಮ್ಯಾಜಿಕ್ ಪ್ಯಾಕೆಟ್ ಅಂದ್ರೆ 6 ಬೈಟ್ ಎಫ್‌ಎಫ್, ಆಮೇಲೆ ಮ್ಯಾಕ್ ವಿಳಾಸ 16 ಸಲ, ಒಟ್ಟು 102 ಬೈಟ್. ಇದು ಬ್ರಾಡ್‌ಕಾಸ್ಟ್ ಆಗಿ (ಜಾಲದ ಎಲ್ಲ ಸಾಧನಗಳಿಗೂ) ಹೋಗಬೇಕು, ವೈರ್‌ಗಾರ್ಡ್ ಬ್ರಾಡ್‌ಕಾಸ್ಟ್ ಸಾಗಿಸಲ್ಲ. ಹಾಗಾಗಿ ಲ್ಯಾಪ್‌ಟಾಪ್‌ನಿಂದ ಕಳಿಸಿ ಬರಲಿಲ್ಲ ಅನ್ನಬೇಡಿ. ಪೈಗೆ ಎಸ್‌ಎಸ್‌ಎಚ್ ಆಗಿ ಅಲ್ಲಿಂದ ವೇಕ್‌ಆನ್‌ಲ್ಯಾನ್ ಕಮಾಂಡ್‌ಗೆ ಪಿಸಿಯ ಮ್ಯಾಕ್ ಕೊಡಿ.

ಕರೆಂಟ್ ಹೋಗಿ ಬಂದ ಮೇಲೆ ಒಮ್ಮೆ ಬೂಟ್ ಆಗುವ ತನಕ ಕೆಲವು ಮದರ್‌ಬೋರ್ಡ್ ಮ್ಯಾಜಿಕ್ ಪ್ಯಾಕೆಟ್‌ಗೆ ಕಿವಿಗೊಡಲ್ಲ. ಬಯೋಸ್‌ನಲ್ಲಿ ಕರೆಂಟ್ ಬಂದಾಗ ತಾನೇ ಆನ್ ಆಗೋ ಆಯ್ಕೆ ಇಟ್ಟುಕೊಳ್ಳಿ. ಡಿಸ್ಕ್‌ಗೆ ಬೀಗ ಹಾಕೋ ಬಿಟ್‌ಲಾಕರ್‌ಗೆ ಬೂಟ್ ಪಿನ್ ಇಟ್ಟಿದ್ರೆ ಪಿಸಿ ಅಲ್ಲೇ ಕೂತಿರುತ್ತೆ, ರಿಮೋಟ್ ಡೆಸ್ಕ್‌ಟಾಪ್ ಆ ಹಂತಕ್ಕೆ ತಲುಪಲ್ಲ.

ನಡುರಾತ್ರಿ_ಲಾಗಿನ್:

ಸುರಂಗಿಯವರು ಹೇಳಿದಂತೆ ವಿಪಿಎಸ್ ದಾರಿ ಹಿಡಿದೆ, ಮಾಸ್ಕ್ವೆರೇಡ್ ಹಾಕಿದೆ. ಹ್ಯಾಂಡ್‌ಶೇಕ್ ಇದೆ, ಪಿಂಗ್ ಬರುತ್ತದೆ, ಪೈಗೆ ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ. ಆದರೆ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಬಂದಾಗ ದೊಡ್ಡ ಫೋಲ್ಡರ್ ಪಟ್ಟಿ ಕೇಳಿದರೆ ಟರ್ಮಿನಲ್ ಅಲ್ಲೇ ನಿಲ್ಲುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಪಾಸ್‌ವರ್ಡ್ ತನಕ ಬಂದು ಕಪ್ಪು ಪರದೆ. ಬೇರೆ ವೈಫೈನಿಂದ ಎಲ್ಲ ಸರಿ.

ಸುರಂಗಿ:

ಚಿಕ್ಕ ಪ್ಯಾಕೆಟ್ ಹೋಗುತ್ತದೆ, ದೊಡ್ಡದು ಸಾಯುತ್ತದೆ ಅಂದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಸಮಸ್ಯೆ. ಲೆಕ್ಕ ನೋಡಿ. ವೈರ್‌ಗಾರ್ಡ್ ಐಪಿವಿ4 ಮೇಲೆ 60 ಬೈಟ್, ಐಪಿವಿ6 ಮೇಲೆ 80 ಬೈಟ್ ಹೊದಿಕೆ ಸೇರಿಸುತ್ತದೆ. ಸುರಂಗದ ಡೀಫಾಲ್ಟ್ ಎಂಟಿಯು 1420, ಅಂದರೆ ಹೊರಗೆ 1480 ಅಥವಾ 1500. ಮನೆಯ ಸಂಪರ್ಕ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಪ್ರೊವೈಡರ್‌ಗೆ ಸೇರುವ ವಿಧಾನ) ಆಗಿದ್ದರೆ ಮಿತಿ 1492. ಐಪಿವಿ4ನಲ್ಲಿ 1480 ನುಸುಳುತ್ತದೆ, ಐಪಿವಿ6ನಲ್ಲಿ 1500 ನುಸುಳುವುದಿಲ್ಲ, ಅಲ್ಲಿ 1412 ಹಾಕಬೇಕು. ಮೊಬೈಲ್ ಜಾಲಗಳಲ್ಲಿ ಐಪಿವಿ4 ಅನ್ನು ಐಪಿವಿ6 ಆಗಿ ಪರಿವರ್ತಿಸುವ ಕಡೆ ಇನ್ನೂ 20 ಬೈಟ್ ಕೂಡುತ್ತದೆ, ಜೊತೆಗೆ ಅವರ ಮಿತಿಯೇ 1500ಕ್ಕಿಂತ ಕಡಿಮೆ ಇರುವುದುಂಟು.

ಲ್ಯಾಪ್‌ಟಾಪ್ ಮತ್ತು ಪೈ ಎರಡರ ವೈರ್‌ಗಾರ್ಡ್ ಇಂಟರ್ಫೇಸ್ ವಿಭಾಗದಲ್ಲೂ ಎಂಟಿಯು 1280 ಹಾಕಿ. ಒಂದೇ ಕಡೆ ಹಾಕಿದರೆ ಎದುರು ಕಡೆಯಿಂದ ಬರುವ ದೊಡ್ಡ ಪ್ಯಾಕೆಟ್‌ಗಳೆಲ್ಲ ಸರಿಹೋಗುವ ಖಾತ್ರಿ ಇಲ್ಲ. 1280ಕ್ಕಿಂತ ಕೆಳಗೆ ಇಳಿಯಬೇಡಿ, ಐಪಿವಿ6ಗೆ ಅದೇ ಕನಿಷ್ಠ. ಸರಿಹೋದ ಮೇಲೆ ಬೇಕಿದ್ದರೆ 20ರಂತೆ ಏರಿಸುತ್ತಾ ಹೋಗಿ. ನಿಜವಾದ ಮಿತಿ ತಿಳಿಯಬೇಕಾದರೆ ಸುರಂಗ ಆಫ್ ಮಾಡಿ, ವಿಂಡೋಸ್ ಪಿಂಗ್‌ಗೆ ತುಂಡು ಮಾಡಬೇಡ ಅನ್ನುವ ಆಯ್ಕೆ ಕೊಟ್ಟು ವಿಪಿಎಸ್‌ಗೆ 1472 ಗಾತ್ರದಿಂದ ಕೆಳಗೆ ಇಳಿಯಿರಿ. ಉತ್ತರ ಬಂದ ಗಾತ್ರಕ್ಕೆ 28 ಕೂಡಿಸಿದರೆ ಆ ದಾರಿಯ ಎಂಟಿಯು.

ನಡುರಾತ್ರಿ_ಲಾಗಿನ್:

1280ಕ್ಕೆ ಎರಡೂ ಸರಿಯಾಯಿತು, ಪಟ್ಟಿಯೂ ಪೂರ್ತಿ ಬರುತ್ತಿದೆ, ಪರದೆಯೂ ಬರುತ್ತಿದೆ. ಹಳೆಯ 3389 ಫಾರ್ವರ್ಡ್ ಅಳಿಸಿದೆ. ಪಿಸಿಯ ಫೈರ್‌ವಾಲ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ನಿಯಮದ ರಿಮೋಟ್ ವಿಳಾಸವನ್ನು 10.77.0.0/24ಕ್ಕೆ ಸೀಮಿತ ಮಾಡಿದರೆ ಮತ್ತೆ ಟೈಮ್‌ಔಟ್ ಆಗುತ್ತಿದೆ, ಯಾಕೆ?

ಸುರಂಗಿ:

ಮಾಸ್ಕ್ವೆರೇಡ್ ಹಾಕಿದ್ದೀರಲ್ಲ, ಪಿಸಿಗೆ 10.77 ಕಾಣುವುದೇ ಇಲ್ಲ. ಎಲ್ಲವೂ ಪೈನ 192.168.50ರ ವಿಳಾಸದಿಂದ ಬಂದಂತೆ ಕಾಣುತ್ತದೆ. ನಿಯಮದಲ್ಲಿ ಆ ಒಂದೇ ವಿಳಾಸ ಹಾಕಿ, ರೂಟರ್‌ನ ಡಿಎಚ್‌ಸಿಪಿಯಲ್ಲಿ (ಸಾಧನಗಳಿಗೆ ವಿಳಾಸ ಹಂಚುವ ಭಾಗ) ಪೈಗೆ ಅದನ್ನು ಕಾಯ್ದಿರಿಸಿ. ಜೊತೆಗೆ ಎರಡೂ ರೂಟರ್‌ಗಳಲ್ಲಿ ಯುಪಿಎನ್‌ಪಿ ಆಫ್ ಮಾಡಿ; ಡಬ್ಬಿಯದಕ್ಕೆ ಆಯ್ಕೆ ಕಾಣದಿದ್ದರೆ ನಿಮ್ಮದರಲ್ಲಿ ಮಾಡಿದರೂ ಸಾಕು.